ಮೂರು ಬೆರಳಿನ ಪೆಟ್ಟು

ಅವರ ಬಲಗೈಯಲ್ಲಿದ್ದದ್ದು ಮೂರೇ ಬೆರಳು. ನಡುಬೆರಳು, ಉಂಗುರಬೆರಳು ಎರಡೂ ಬುಡದ ಗಂಟಿನಲ್ಲೇ ಮುಗಿದು, ಅಲ್ಲಿನ ಚರ್ಮ ಹೊಲಿದ ಗೋಣಿಚೀಲದ ಬಾಯಿಯ ಹಾಗೆ ಸುರುಟಿಕೊಂಡಿತ್ತು. ಎಂಜಿನ್ ಓಡುತ್ತಿರುವಾಗಲೇ ಚೈನನ್ನು ಬಟ್ಟೆಯಿಂದ ಒರೆಸಲು ಹೋದಾಗ, ಚೈನು ಬಟ್ಟೆಯನ್ನೂ ಬೆರಳನ್ನೂ ಒಟ್ಟಿಗೆ ಎಳೆದುಕೊಂಡಿತಂತೆ. ಹೊಸ ಗಿರಾಕಿ ಬಂದರೆ ಮೊದಲು ಆ ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದು ಈ ಕಥೆ ಹೇಳುತ್ತಿದ್ದರು, ರಕ್ತ ಎಲ್ಲಿಯವರೆಗೆ ಚಿಮ್ಮಿತ್ತೆಂದು ಗೋಡೆಯಲ್ಲಿ ತೋರಿಸುತ್ತಿದ್ದರು. ಬೈಕಿಗೆ ಏನಾಗಿದೆ ಎಂದು ಕೇಳುವುದು ಆಮೇಲೆ.

ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಬೋಳಾರದಿಂದ ಹೊಳೆಯ ಕಡೆಗೆ ಇಳಿಯುವ ಒಂದು ಕಾಂಕ್ರೀಟ್ ರಸ್ತೆಯ ಕೊನೆಯಲ್ಲಿ, ಹಳೆಯ ಗೋದಾಮಿನ ಅರ್ಧ ಭಾಗ ಅವರ ಗ್ಯಾರೇಜು. ಗಲ್ಫಿನಲ್ಲಿ ಬಹಳ ವರ್ಷ ಮರಳಿನಲ್ಲಿ ಹೂತ ಗಾಡಿಗಳನ್ನು ಎಳೆದು ತೆಗೆಯುವ ಕೆಲಸ ಮಾಡಿ ಬಂದವರು. ಅವರ ಅಣ್ಣತಮ್ಮಂದಿರೆಲ್ಲ ಅಂಗಡಿ ವ್ಯಾಪಾರದ ಬ್ಯಾರಿ ಮುಸಲ್ಮಾನರು, ಗಿರಾಕಿಯ ಮುಂದೆ ಸಕ್ಕರೆಯಂಥ ಮಾತು. ಗಿರಾಕಿಯನ್ನು ಬಯ್ದೇ ಹೊಟ್ಟೆ ಹೊರೆದವರು ಆ ಕುಟುಂಬದಲ್ಲಿ ಇವರೊಬ್ಬರೇ. ಸಿಟ್ಟು ಬಂದರೆ ಕೈಯಲ್ಲಿದ್ದದ್ದು ಹಾರುತ್ತಿತ್ತು. ಹದಿನಾಲ್ಕರ ಸ್ಪ್ಯಾನರ್ ನನ್ನ ಕಿವಿಯ ಪಕ್ಕದಿಂದ ಎರಡು ಸಲ ಹಾದುಹೋಗಿದೆ. ತಾಗಲಿಲ್ಲ ಎಂದರೆ ಗುರಿ ತಪ್ಪಿತೆಂದಲ್ಲ, ಗುರಿ ಅಷ್ಟು ಚೆನ್ನಾಗಿತ್ತು.

ನಾನು ಮಣ್ಣಗುಡ್ಡದವನು. ಅಪ್ಪ ದೇವಸ್ಥಾನದಲ್ಲಿ ಅರ್ಚಕರು, ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಯಾರೂ ಯಾರ ಮೇಲೂ ಕೈ ಎತ್ತದ ಮನೆ ನಮ್ಮದು. ಇಂಥ ಮನೆಯಿಂದ ಬಂದ, ಐದೂವರೆ ಅಡಿಯ ನಾನು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೂರು ಸಿಸಿಯ ಒಂದು ಅಡ್ವೆಂಚರ್ ಬೈಕು ತೆಗೆದುಕೊಂಡೆ. ಅದರ ಮೇಲೆ ಕೂತರೆ ನೆಲಕ್ಕೆ ಬರೀ ಹೆಬ್ಬೆರಳು ತಾಗುತ್ತಿತ್ತು. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಕುಲದೇವರ ಹೆಸರು ಬಾಯಿಗೆ ಬರುತ್ತಿತ್ತು.

ಕಾಕನ ಹತ್ತಿರ ಮೊದಲ ಸಲ ಹೋದ ದಿನ, ಅವರು ಬೈಕಿನ ಸುತ್ತ ಒಂದು ಸುತ್ತು ಬಂದು, ನಾನು ನೋಡುತ್ತಿರುವಾಗಲೇ ಸೀಟಿನ ಪಕ್ಕಕ್ಕೆ ಕಾಲು ಕೊಟ್ಟು ಒದ್ದರು. ಒಂದು ಗೀರೂ ಇರದ ಹೊಸ ಬೈಕು ದಡಾರನೆ ಬಿತ್ತು. ಕನ್ನಡಿ ಒಡೆಯಿತು. 

"ಎತ್ತಿ ಭಟ್ರೇ," ಎಂದರು. "ನೀವು ಎತ್ತಲಿಕ್ಕೆ ಆಗದ ಗಾಡಿ ನಿಮ್ಮದಲ್ಲ ಮಾರಾಯ್ರೆ, ಬರೇ ಆರ್‌ಸಿ ನಿಮ್ಮದು."

ಇದು ಅವರ ಗ್ಯಾರೇಜಿನ ಪದ್ಧತಿ ಎಂದು ಆಮೇಲೆ ಗೊತ್ತಾಯಿತು. ದೊಡ್ಡ ಬೈಕು ತಂದ ಪ್ರತಿಯೊಬ್ಬನ ಬೈಕನ್ನೂ ಅವರು ಬೀಳಿಸುತ್ತಿದ್ದರು, ಎತ್ತಲು ಬಾರದವನಿಗೆ ಕೆಲಸ ಮಾಡಿಕೊಡುತ್ತಿರಲಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ತೊಡೆಯ ಬಲದಿಂದ ಹಿಂದಕ್ಕೆ ತಳ್ಳುತ್ತ ಏಳಬೇಕು. ಆರನೆಯ ಸಲಕ್ಕೆ ಬೈಕು ಎದ್ದಿತು. ಅಷ್ಟರಲ್ಲಿ ನನ್ನ ಅಂಗೈ ಸುಲಿದಿತ್ತು, ಪ್ಯಾಂಟು ಹರಿದಿತ್ತು. ಕಾಕ ತಾವೇ ಹೊಸ ಕನ್ನಡಿ ತಂದು ಹಾಕಿಕೊಟ್ಟರು. ಆ ವರ್ಷದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಕೆಸರಿನಲ್ಲಿ ಒಬ್ಬನೇ ಮಗುಚಿಬಿದ್ದಾಗ, ಅವರನ್ನು ಬಯ್ಯುತ್ತಲೇ ಬೈಕು ಎತ್ತಿ ಮನೆಗೆ ಬಂದೆ.

ಅವರು ದನಿ ಏರಿಸದಿದ್ದದ್ದು ಒಬ್ಬರ ಮುಂದೆ ಮಾತ್ರ, ತಮ್ಮ ಅಕ್ಕನ ಮುಂದೆ. ಗಂಡ ತೀರಿದ ಮೇಲೆ ಅಕ್ಕ ತಮ್ಮನ ಮನೆಯಲ್ಲೇ ಇದ್ದರು. ಮನೆ ಗ್ಯಾರೇಜಿನ ಎದುರು ಸಾಲಿನಲ್ಲಿ. ಹನ್ನೊಂದು ಗಂಟೆಗೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ರಸ್ತೆ ದಾಟಿ ಬರುತ್ತಿದ್ದರು. ಅವರು ಬಂದೊಡನೆ ಕಾಕ ಕೈ ತೊಳೆದುಕೊಂಡು, ಶಾಲೆಯ ಹುಡುಗನ ಹಾಗೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಮಗೂ ಚಹಾ ಸಿಗುತ್ತಿತ್ತು, ಜೊತೆಗೆ ಹತ್ತು ನಿಮಿಷದ ನೆಮ್ಮದಿಯೂ.

ಇನ್ನು ನನ್ನ ಅಪರಾಧವನ್ನು ಹೇಳಬೇಕು. ಮಣ್ಣಿನ ದಾರಿಗೆಂದೇ ಮಾಡಿದ, ದೊಡ್ಡ ದೊಡ್ಡ ಹಲ್ಲಿನ ಟಯರುಗಳು ಬರುತ್ತವೆ. ಹಾಕಿದರೆ ಬೈಕು ಯುದ್ಧಕ್ಕೆ ಹೊರಟ ಹಾಗೆ ಕಾಣುತ್ತದೆ. ನನಗೆ ಅದರ ಹುಚ್ಚು ಹಿಡಿಯಿತು. ಕಾಕ ಹಾಕಿಕೊಡುವುದಿಲ್ಲ ಎಂದರು. ಕಾಂಕ್ರೀಟಿನ ಮೇಲೆ ಎರಡು ಹನಿ ನೀರು ಬಿದ್ದರೆ ಇದು ಸಾಬೂನು, ನಿಮಗೆ ಬೇಕಾದದ್ದು ಕಾಲೇಜಿಗೆ ಹೋಗುವ ಟಯರು, ಕಾಡಿಗೆ ಹೋಗುವುದು ವರ್ಷಕ್ಕೆ ನಾಲ್ಕು ದಿನ ಎಂದರು. ನಾನು ತಲೆಯಾಡಿಸಿ, ಮರುವಾರವೇ ಕಾವೂರಿನ ಕಡೆ ಹೋಗಿ ಅದನ್ನೇ ಹಾಕಿಸಿಕೊಂಡು ಬಂದೆ. ಹಾಕಿಸಿಕೊಂಡವನು ಸುಮ್ಮನಿದ್ದರೂ ಆಗುತ್ತಿತ್ತು. ಮೂರು ವಾರ ಏನೂ ಆಗಲಿಲ್ಲವಲ್ಲ, ಅದನ್ನು ಕಾಕನಿಗೇ ತೋರಿಸಿ ಅವರ ಬಾಯಿ ಮುಚ್ಚಿಸಬೇಕೆಂಬ ಆಸೆ ಹುಟ್ಟಿತು. ಮೇ ತಿಂಗಳ ಒಂದು ಶನಿವಾರ ಹೊರಟೆ. ದಾರಿಯಲ್ಲಿ ವರ್ಷದ ಮೊದಲ ಮಳೆ ಹನಿಯಿತು. ಧೂಳು, ಎಣ್ಣೆ, ನೀರು ಮೂರೂ ಸೇರಿ ಕಾಂಕ್ರೀಟ್ ಹೊಳೆಯತೊಡಗಿತ್ತು.

ಗ್ಯಾರೇಜಿನ ಇಳಿಜಾರಿನಲ್ಲಿ ಅಕ್ಕ ರಸ್ತೆ ದಾಟುತ್ತಿದ್ದರು. ಬ್ರೇಕು ಹಿಡಿದೆ. ಬೈಕು ನಿಲ್ಲಲಿಲ್ಲ, ಮಲಗಿತು. ಮಲಗಿಕೊಂಡೇ ಜಾರಿಕೊಂಡು ಹೋಗಿ ಅವರ ಕಾಲುಗಳಿಗೆ ಬಡಿಯಿತು. ಮೂಳೆ ಮುರಿದ ಸದ್ದು ನನಗೆ ಹೆಲ್ಮೆಟಿನ ಒಳಗೇ ಕೇಳಿಸಿತು. ಅದು ಕೇಳಿಸಲೇ ಇಲ್ಲ, ನಿನ್ನ ಭ್ರಮೆ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ನನಗೆ ಈಗಲೂ ಕೇಳಿಸುತ್ತದೆ.

ನಾನು ಮುಂದಕ್ಕೆ ಉರುಳಿ ಚರಂಡಿಯ ಕಲ್ಲಿಗೆ ತಾಗಿ ನಿಂತೆ. ಏಳುವ ಮೊದಲೇ ಜನ ಮೇಲೆ ಬಿದ್ದಿದ್ದರು. ಹೆಲ್ಮೆಟನ್ನು ಕಿತ್ತು ಅದರಿಂದಲೇ ತಲೆಗೆ ಹೊಡೆದರು. ಬೆನ್ನಿಗೆ, ಪಕ್ಕೆಗೆ ಒದೆಗಳು ಬಿದ್ದವು. ಯಾರೋ ಕುತ್ತಿಗೆ ಹಿಡಿದು ಎಬ್ಬಿಸಿದಾಗ ಅಂಗಿ ಎದೆಯವರೆಗೆ ಹರಿದು ಜನಿವಾರ ಹೊರಗೆ ಬಂತು. ಗುಂಪಿನ ಗದ್ದಲ ಒಮ್ಮೆ ನಿಂತಿತು. ಅಷ್ಟು ಹೊತ್ತು ಅವರಿಗೆ ಸಿಕ್ಕಿದ್ದವನು ಒಬ್ಬ ಸೊಕ್ಕಿನ ಬೈಕಿನವನು, ಈಗ ಬೇರೆಯೇ ಒಬ್ಬ ಸಿಕ್ಕಿದ. ಒಬ್ಬ ಪಕ್ಕದ ಮನೆಯ ಮಾಡಿಗೆಂದು ತಂದಿಟ್ಟ ಮರದ ರೀಪಿನ ರಾಶಿಯಿಂದ ಒಂದನ್ನು ಎಳೆದುಕೊಂಡು ಬರುವುದು ಕಾಣಿಸಿತು. ಇದು ನಮ್ಮ ಊರು. ಇಲ್ಲಿ ಇಂಥ ಹೊತ್ತಿನಲ್ಲಿ ಮುಂದೆ ಏನಾಗುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಸಾಯುತ್ತೇನೆ ಎಂದುಕೊಂಡೆ.

ಆಗ ಗುಂಪನ್ನು ಸೀಳಿಕೊಂಡು ಕಾಕ ಬಂದರು. ಬಂದವರೇ ನನ್ನ ಮುಖಕ್ಕೆ ಹೊಡೆದರು. ಆ ಮೂರು ಬೆರಳಿನ ಕೈ ಎಷ್ಟು ಗಟ್ಟಿ ಎಂದು ತಿಳಿದದ್ದು ಅವತ್ತು. ಮೊದಲ ಪೆಟ್ಟಿಗೆ ತುಟಿ ಒಡೆಯಿತು, ಎರಡನೆಯದಕ್ಕೆ ಹಲ್ಲೊಂದು ಮುರಿಯಿತು. ಕೆಳಗೆ ಬಿದ್ದವನನ್ನು ಎತ್ತಿ ನಿಲ್ಲಿಸಿ ಹೊಟ್ಟೆಗೆ ಗುದ್ದಿದರು. ರೀಪು ಹಿಡಿದವನು ಮುಂದೆ ಬಂದಾಗ ಅವನ ಎದೆಗೂ ಕೈ ಹಾಕಿ ಹಿಂದಕ್ಕೆ ತಳ್ಳಿದರು.

"ಬಿದ್ದದ್ದು ನನ್ನ ಅಕ್ಕ," ಎಂದು ಕೂಗಿದರು. "ಹೊಡೆಯುವುದು ನಾನು. ಬೇರೆ ಯಾರೂ ಮುಟ್ಟಬಾರದು."

ಆ ಮಾತಿಗೆ ಎದುರು ಹೇಳುವವರಿರಲಿಲ್ಲ. ಪೆಟ್ಟು ತಿಂದ ಮನೆಯವನೇ ಬಂದು ಹೊಡೆಯುವಾಗ ಉಳಿದವರು ಬದಿಗೆ ಸರಿಯಬೇಕು, ಅದು ಎಲ್ಲ ಕೇರಿಗಳ ನಿಯಮ. ಅವರು ಸರಿದು ನೋಡಿದರು. ಕಾಕ ನನ್ನನ್ನು ಹೊಡೆಯುತ್ತ, ಒದೆಯುತ್ತ, ಕೂದಲು ಹಿಡಿದು ಗ್ಯಾರೇಜಿನವರೆಗೆ ಎಳೆದುಕೊಂಡು ಹೋದರು. ಒಳಗೆ ನೂಕಿ ತಾವೂ ಬಂದು ಶಟರ್ ಎಳೆದರು.

ಒಳಗೆ ಅವರು ಏದುಸಿರು ಬಿಡುತ್ತಿದ್ದರು. ನನ್ನ ಪಕ್ಕೆಯ ಮೂಳೆಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನೀರಿನ ಬಾಟಲಿ ಮಡಿಲಿಗೆ ಎಸೆದರು. ಆಮೇಲೆ ಹಿಂದಿನ ಬಾಗಿಲಿನಿಂದ ಹೋಗಿ ಹೊರಗಿನಿಂದ ಬೀಗ ಹಾಕಿದರು. ಎರಡು ಗಂಟೆ ನಾನು ಹಳೆಯ ಟಯರುಗಳ ನಡುವೆ ಮುದುಡಿ ಕೂತಿದ್ದೆ. ಹೊರಗೆ ಶಟರಿಗೆ ಕಲ್ಲು ಬೀಳುವುದು ಕೇಳುತ್ತಿತ್ತು. ಅಕ್ಕ ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಕಾಕ ಮರಳಿ ಬಂದರೆ ಉಳಿದದ್ದನ್ನು ಮುಗಿಸಲಿಕ್ಕೇ ಬರುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಬಂದದ್ದು ಅವರ ಪರಿಚಯದ ಒಬ್ಬ ರಿಕ್ಷಾ ಚಾಲಕ. ಹಿಂಬಾಗಿಲಿನಿಂದ ಕರೆದೊಯ್ದು ಮನೆಗೆ ಬಿಟ್ಟ.

ಊದಿದ ನನ್ನ ಮುಖವನ್ನು ಅಮ್ಮ ಬಿಸಿನೀರಿನ ಬಟ್ಟೆಯಿಂದ ಒರೆಸಿದಳು. ಎರಡು ದಿನ ಬಿಟ್ಟು ನಮ್ಮ ಬೀದಿಯ ಕೆಲವರು ಬಂದು, ಹೊಡೆದವರು ಯಾರು, ಯಾವ ಕಡೆಯವರು ಎಂದು ಬಹಳ ಆಸ್ಥೆಯಿಂದ ವಿಚಾರಿಸಿದರು. ಅಷ್ಟು ಆಸ್ಥೆಯಿಂದ ಅವರು ನನ್ನ ಆರೋಗ್ಯವನ್ನು ಎಂದೂ ವಿಚಾರಿಸಿದವರಲ್ಲ. ಬೈಕಿನಿಂದ ಬಿದ್ದೆ, ಯಾರೂ ಹೊಡೆಯಲಿಲ್ಲ ಎಂದೆ. ಪೊಲೀಸರ ಮುಂದೆ ಕಾಕನೂ ದೂರಿಲ್ಲ ಎಂದಿದ್ದರಂತೆ.

ಅಕ್ಕನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಆಗಿತ್ತು, ಮತ್ತೆ ನಡೆಯುತ್ತಾರೆಯೇ ಎಂದು ವೈದ್ಯರೂ ಹೇಳುತ್ತಿರಲಿಲ್ಲ. ನೋಡಲು ಆಸ್ಪತ್ರೆಗೆ ಹೋದರೆ ಕಾಕ ವಾರ್ಡಿನ ಬಾಗಿಲಲ್ಲೇ ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡಿದರು. "ನೀನು ಇಲ್ಲಿಗೆ ಬರಬೇಡ," ಎಂದರು. ಅದುವರೆಗೆ ಅವರು ನನ್ನನ್ನು ನೀನು ಎಂದವರಲ್ಲ. ಆ ಪೆಟ್ಟುಗಳಿಗಿಂತ ಅದೇ ಹೆಚ್ಚು ನೋಯಿಸಿತು.

ಮೂರು ವಾರದ ಮೇಲೆ ಫೋನ್ ಮಾಡಿ ಗ್ಯಾರೇಜಿಗೆ ಬರಹೇಳಿದರು. ನನ್ನ ಬೈಕು ಅಂಗಳದ ನಡುವೆ ನಿಂತಿತ್ತು. ಕಾಕನ ಕೈಯಲ್ಲಿ ದೊಡ್ಡ ಸುತ್ತಿಗೆ. ನಾನು ಬಂದದ್ದನ್ನು ನೋಡಿ ಬೈಕಿಗೆ ಹೊಡೆಯತೊಡಗಿದರು. ಹೆಡ್‌ಲೈಟು ಪುಡಿಯಾಯಿತು, ಮುಂದಿನ ಗಾಜು ಒಡೆಯಿತು, ಟ್ಯಾಂಕು ಒಳಕ್ಕೆ ಹೋಯಿತು. ಹಿಡಿತ ಜಾರಿ ಸುತ್ತಿಗೆ ಕೈಯಿಂದ ಹಾರಿದರೆ ಹೆಕ್ಕಿಕೊಂಡು ಬಂದು ಮತ್ತೆ ಹೊಡೆದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಆ ಬೈಕು ಚೂರಾಗುವುದನ್ನು ನೋಡಿ ನನಗೆ ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರು ಬಂತು.

ಸುತ್ತಿಗೆ ಎಸೆದು ಕೂತು, "ಆದಿತ್ಯವಾರ ಬಾ," ಎಂದರು. "ಒಡೆದದ್ದು ನಾನು. ಜೋಡಿಸುವುದು ನೀನು."

ಐದು ತಿಂಗಳು ಪ್ರತಿ ಆದಿತ್ಯವಾರ ಹೋದೆ. ಆ ಹಲ್ಲಿನ ಟಯರುಗಳನ್ನು ಮೊದಲ ದಿನವೇ ನನ್ನ ಕೈಯಿಂದಲೇ ತೆಗೆಸಿದರು, ಕತ್ತರಿಸಲೂ ಹೇಳಿದರು. ಕತ್ತರಿಸುತ್ತ ಕತ್ತರಿಸುತ್ತ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಫೋರ್ಕ್ ಬಿಚ್ಚುವುದು, ಬ್ರೇಕಿನ ಗಾಳಿ ತೆಗೆಯುವುದು, ತಂತಿಗಳನ್ನು ಒಂದೊಂದಾಗಿ ಬೆಸೆಯುವುದು, ಎಲ್ಲವನ್ನೂ ಬಯ್ಗುಳದ ಜೊತೆಗೇ ಕಲಿಸಿದರು. ತಪ್ಪು ಮಾಡಿದರೆ ಮೊದಲಿನ ಹಾಗೆ ಸ್ಪ್ಯಾನರ್ ಹಾರುತ್ತಿತ್ತು. ಅದು ಹಾರಿದ ದಿನ ಖುಷಿಯಿಂದ ಮನೆಗೆ ಬರುತ್ತಿದ್ದೆ. ಆದರೆ ಒಂದು ಪ್ರಶ್ನೆ ಗಂಟಲಲ್ಲೇ ಇತ್ತು. ಅವತ್ತು ಅವರು ನನ್ನನ್ನು ಹೊಡೆದದ್ದು ಅಕ್ಕನ ಮೇಲಿನ ಸಂಕಟದಿಂದ ಎಂಬುದರಲ್ಲಿ ಅನುಮಾನವಿರಲಿಲ್ಲ. ಹಾಗಿದ್ದರೆ ಯಾಕೆ ಜೀವ ಉಳಿಸಿದರು? ಒಮ್ಮೆ ಧೈರ್ಯ ಮಾಡಿ ಕೇಳಿದೆ. ಉತ್ತರವಾಗಿ ಟಯರ್ ಲಿವರ್ ಬಂತು. ಬೈಕು ಮತ್ತೆ ಶುರುವಾದ ದಿನ ಅದನ್ನು ಒದ್ದು ಬೀಳಿಸಿ, "ಎತ್ತಿ ಭಟ್ರೇ," ಎಂದರು. ನಾನು ಮತ್ತೆ ನೀವು ಆಗಿದ್ದೆ.

ಈ ಫೆಬ್ರವರಿಯಲ್ಲಿ, ಬೆಳಿಗ್ಗೆ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ತಲುಪಿ ನಾನು ಹೋಗುವಷ್ಟರಲ್ಲಿ ದಫನ ಮುಗಿದಿತ್ತು. ಸಂಜೆ ಅವರ ಮನೆಗೆ ಹೋದೆ. ಅಕ್ಕ ವಾಕರ್ ಹಿಡಿದು ನಿಧಾನವಾಗಿ ನಡೆದು ಬಂದು ನನ್ನೆದುರು ಕುರ್ಚಿಯಲ್ಲಿ ಕೂತರು. ಅವರ ಕಾಲು ನೋಡಲಾಗದೆ ನಾನು ನೆಲ ನೋಡುತ್ತಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಬೇಡವೆಂದು ಕೈ ಮಾಡಿದರು. ನಿನಗೆ ಗೊತ್ತಿಲ್ಲದ್ದು ಒಂದು ಉಂಟು ಎಂದು ಆ ದಿನದ ಮಾತು ತೆಗೆದರು.

ಬೈಕು ಬಡಿದಾಗ ಕಾಕ ಮೊದಲು ಓಡಿ ಬಂದದ್ದು ಅಕ್ಕನ ಹತ್ತಿರಕ್ಕೆ. ಮಳೆಯಲ್ಲಿ ಮಂಡಿಯೂರಿ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನೋವು ತಾಳಲಾರದೆ ಅಕ್ಕ ಎರಡೂ ಕೈಯಿಂದ ತಮ್ಮನ ಕೈ ಹಿಡಿದುಕೊಂಡಿದ್ದರು, ಬಿಡಬೇಡ ಎಂದಿದ್ದರು. ಆಗ ಆಚೆ ಗದ್ದಲ ಒಮ್ಮೆಲೇ ನಿಂತದ್ದು ಇಬ್ಬರಿಗೂ ಕೇಳಿಸಿತಂತೆ. ಕಾಕ ತಲೆ ಎತ್ತಿ ನೋಡಿದರು. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಲೆಯನ್ನು ಒದ್ದೆ ನೆಲದ ಮೇಲೆ ಇಟ್ಟು, ಗುಂಪಿನ ಕಡೆ ಓಡಿದರು. ಹೆಂಗಸರು ಬಂದು ಎತ್ತುವವರೆಗೆ ಅಕ್ಕ ಒಬ್ಬರೇ ಅಲ್ಲಿ ಬಿದ್ದಿದ್ದರು.

ಅದಕ್ಕಾಗಿ ಅವರು ಮೂರು ತಿಂಗಳು ತಮ್ಮನೊಡನೆ ಮಾತಾಡಲಿಲ್ಲವಂತೆ. ಅರವತ್ತು ವರ್ಷದಲ್ಲಿ ಎಂದೂ ಹಾಗಾದದ್ದಿಲ್ಲ. ಕಾಕ ದಿನಾ ಬಂದು ಮಂಚದ ಹತ್ತಿರ ಸುಮ್ಮನೆ ಕೂತು ಹೋಗುತ್ತಿದ್ದರಂತೆ. ಕೊನೆಗೆ ಒಂದು ದಿನ ಅಕ್ಕನೇ ಕೇಳಿದರು: ನಾನು ಕೈ ಬಿಡಬೇಡ ಎಂದರೂ ಬಿಟ್ಟು ಹೋದೆಯಲ್ಲ, ಸ್ವಂತ ಅಕ್ಕನಿಗಿಂತ ಆ ಭಟ್ರ ಹುಡುಗ ಹೆಚ್ಚಾದನೇ?

"ಅವ ಎಂತ ಹೇಳಿದ ಗೊತ್ತುಂಟಾ ಮಗ," ಎಂದರು ಅಕ್ಕ. "ನಿನ್ನ ಕಾಲಿಗೆ ರಾಡ್ ಹಾಕ್ಲಿಕ್ಕೆ ಆಗ್ತದೆ ಅಕ್ಕ, ಅವ ಸತ್ತರೆ ಅವನಿಗೆ ಎಂತ ಹಾಕುವುದು ಅಂತ ಹೇಳಿದ."