ಕಿಬ್ಲಾದ ಗೆರೆ ತಿದ್ದಿದ ಹಂಝ ಅವರು

ಅಲ್ ಬಿರೂನಿಯ ಖಗೋಳ ಗಣಿತವನ್ನು ಅರಬಿಯಿಂದ ನೇರವಾಗಿ ಕನ್ನಡಕ್ಕೆ ತರುತ್ತಿರುವ, ಕತಾರಿನಲ್ಲಿ ಮೂವತ್ತೆರಡು ವರ್ಷ ಸರ್ವೇಯರ್ ಆಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಹಂಝ ಅವರು ವಿದ್ವತ್ತಿನಷ್ಟೇ ಒಂಟಿತನವನ್ನೂ ಸಂಪಾದಿಸಿದವರು. ಆ ಒಂಟಿತನದಲ್ಲಿ ಈ ಲೇಖಕ ಫವಾಝನ ಪಾಲೂ ಇದೆ; ಇದು ಅಭಿನಂದನ ಗ್ರಂಥವೆಂದು ಅದನ್ನು ಮುಚ್ಚಿಡಲು ಅವನ ಮನಸ್ಸು ಒಪ್ಪುತ್ತಿಲ್ಲ.

ಫವಾಝನನ್ನು ಊರಿನಿಂದ ಕರೆಸಿ ಕೆಲಸ ಕಲಿಸಿದವರು, ಕಾಮಾಲೆಯಾದಾಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕುಳಿತವರು ಹಂಝ ಅವರು. ಅಲ್ ವಕ್ರಾದ ಆಚೆ ಕಾರ್ಮಿಕರ ಕ್ಯಾಂಪಿನಲ್ಲಿ ತಗಡಿನ ನಮಾಝ್ ಕೋಣೆ ಎದ್ದಾಗ, ಮಕ್ಕಾದ ದಿಕ್ಕು ತೋರಿಸುವ ಕಿಬ್ಲಾದ ಗೆರೆಯನ್ನು ನೆಲದ ಮೇಲೆ ಎಳೆದವರೂ ಅವರೇ. ಉಳ್ಳಾಲದಲ್ಲಿ ಬೆಳೆದವರಿಗೆ ಪಡುವಣದಿಂದ ತುಸು ಬಡಗಕ್ಕೆ ತಿರುಗಿ ನಿಲ್ಲುವುದು ರೂಢಿ. ಅದೇ ರೂಢಿಯಲ್ಲಿ ಗೆರೆ ಬಿತ್ತು. ಸರ್ವೇಯರ್ ಎಳೆದದ್ದು ತಾನೆ, ಪ್ರಶ್ನಿಸುವವರು ಯಾರು?

ನಾಲ್ಕು ವರ್ಷದ ಮೇಲೆ ಮುಶೈರಿಬ್ ಪೇಟೆಯ ಹಳೆಯ ಅಂಗಡಿಯೊಂದರಲ್ಲಿ ಅವರಿಗೆ ಬಿರೂನಿಯ ಗ್ರಂಥ ಸಿಕ್ಕಿತು. ತಾಯ್ನಾಡು ಬಿಟ್ಟು ಗಝ್ನಿ ಸೇರಿದ್ದ ಆ ಪಂಡಿತ, ಊರುಗಳ ಅಕ್ಷಾಂಶ ರೇಖಾಂಶ ಅಳೆದು ಗಝ್ನಿಯ ಕಿಬ್ಲಾ ಲೆಕ್ಕ ಹಾಕಿದ್ದ. ಕುತೂಹಲಕ್ಕೆ ಹಂಝ ಅವರು ಕ್ಯಾಂಪಿಗೂ ಅದೇ ಲೆಕ್ಕ ಹಾಕಿದರು. ಇಲ್ಲಿಂದ ಮಕ್ಕಾ ಇರುವುದು ಪಡುವಣದಿಂದ ತೆಂಕಕ್ಕೆ!

ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಶುಕ್ರವಾರ ಎಲ್ಲರೆದುರು ಎದ್ದು ನಿಂತರು: “ತಪ್ಪು ನನ್ನದು. ಗೆರೆ ಅಳಿಸಿ ಬೇರೆ ಎಳೀತೇನೆ.”

“ನಾಲ್ಕು ವರ್ಷದ ನಮಾಝ್ ಖಲಾಸಾ, ಹಂಝಾಕ? ನಿಮ್ಮದೆಂಥ ಸರ್ವೇ ಮಾರಾಯ್ರೆ!” ಎಂದು ಸಭೆಯನ್ನು ನಗಿಸಿದವನು ಫವಾಝ್. ತಿಳಿಯದೆ ಮಾಡಿದ್ದು, ಪ್ರಾರ್ಥನೆ ಸಲ್ಲುತ್ತದೆ ಎಂದು ಮೌಲವಿಗಳು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಹರಿವಾಣದ ಸುತ್ತ ಕೂತು ಉಣ್ಣುವುದು ಕ್ಯಾಂಪಿನ ರೂಢಿ; ಅಂದಿನಿಂದ ಅವರ ಹರಿವಾಣಕ್ಕೆ ಕೈಹಾಕುವವರಿಲ್ಲದಾಯಿತು. ಛೆ, ಆಸ್ಪತ್ರೆಯ ಹನ್ನೊಂದು ದಿನವನ್ನೂ ಮರೆತು ಫವಾಝನೂ ಎದ್ದು ಹೋದ. ಡ್ಯೂಟಿ, ಕೋಣೆ, ಬಿರೂನಿ ಎಂದು ಇಪ್ಪತ್ತೆಂಟು ವರ್ಷ ಕಳೆದವು. ಕನ್ನಡಕ್ಕೆ ತಂದು ಬರೆದದ್ದನ್ನು ಓದಿ ಹೇಳಿ ಎಂದು ಕೇಳಿದವರಿಲ್ಲ.

ಕಳೆದ ಶುಕ್ರವಾರ ಈ ಗ್ರಂಥಕ್ಕೆ ಫೋಟೊ ಕೇಳಲು ಹೋದ ಫವಾಝ್ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದ.

“ಬಿಡು ಮಾರಾಯ. ನೀವೆಲ್ಲ ಎದ್ದು ಹೋದದ್ದಕ್ಕೇ ಇಷ್ಟು ಬರೆದದ್ದು,” ಎಂದರು. ಹಾಸಿಗೆಯ ಮೇಲಿನ ಹಾಳೆಗಳನ್ನು ಸರಿಸಿ ಜಾಗ ಮಾಡುತ್ತ, “ಆದ್ರೆ ಬಿರೂನಿ ಮಾತಾಡುದಿಲ್ಲ ನೋಡು. ಕೂತ್ಕೊ,” ಎಂದರು.

ಹಂಝ ಅವರಿಗೆ ದೀರ್ಘಾಯುಷ್ಯವಿರಲಿ. ಉಳಿದ ಎರಡು ಅಧ್ಯಾಯಗಳೂ ಅವರ ಕೈಯಿಂದಲೇ ಪೂರ್ಣಗೊಳ್ಳಲಿ. ಅವರು ಊರಿಗೆ ಹೊರಡಲು ಇನ್ನು ಮೂರೇ ಶುಕ್ರವಾರ ಉಳಿದಿವೆ. ಮೂರಕ್ಕೂ ಫವಾಝ್ ಹೋಗಿ ಎದುರು ಕುಳಿತು ಅವರು ಓದುವುದನ್ನು ಕೇಳುತ್ತಾನೆ, ಇಪ್ಪತ್ತೆಂಟು ವರ್ಷಕ್ಕೆ ಮೂರು ಶುಕ್ರವಾರ ಸಮವಾಗುವುದಿಲ್ಲವೆಂದು ತಿಳಿದೇ.