ಗಾಡಿಯಲ್ಲಿ ಉಳಿದಿದ್ದ ಒಂದೇ ಜಾಗ

ಚೇತನ್, ನಮ್ಮ ಕಂಪ್ಯೂಟರ್ ಆಟದಲ್ಲಿ ನಿನ್ನಮ್ಮನ ಹೆಸರು ಹೊತ್ತಿದ್ದ ಸಿಪಾಯಿಯನ್ನು ಶತ್ರುಗಳ ನಡುವೆ ಬಿಟ್ಟು ಬಂದವಳು ನಾನು. ಬ್ಯಾಟರಿ ಮುಗಿದು ಎಲ್ಲ ಹಾಳಾಯಿತು ಎಂದದ್ದು ಸುಳ್ಳು. "ಆಟ ತಾನೇ" ಎಂದು ಯಾರೂ ನನ್ನನ್ನು ಸಮಾಧಾನ ಮಾಡುವುದು ಬೇಡ. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಕಟ್ಟಿದ್ದು ಅದೊಂದೇ — ತುಮಕೂರಿನ ಈ ಬಾಡಿಗೆ ಮನೆಯಲ್ಲಿ, ಊಟವಾದ ಮೇಲೆ, ಒಂದೇ ಲ್ಯಾಪ್‌ಟಾಪ್ ಮುಂದೆ.

ಸಿಪಾಯಿಗಳಿಗೆ ಮನೆಯವರ ಹೆಸರಿಡೋಣ ಎಂದದ್ದು ನೀನು. ಗುಬ್ಬಿಯ ನನ್ನಪ್ಪ ಬಂದೂಕು ಹಿಡಿದರು, ಕುಣಿಗಲ್ಲಿನ ನಿನ್ನಮ್ಮ ಗಂಗಮ್ಮ ಔಷಧಿ ಚೀಲ ಹೊತ್ತರು. ನಿನ್ನ ಹೆಸರಿನವನೂ, ರೂಪ ಅಂತ ನನ್ನ ಹೆಸರಿನವಳೂ ಇದ್ದರು. ಅವರು ಬರೀ ಬೊಂಬೆಗಳಲ್ಲ — ಹೆದರುತ್ತಾರೆ, ಮುನಿಸಿಕೊಳ್ಳುತ್ತಾರೆ, ಜೊತೆಗೆ ಕಾದಾಡಿದವರನ್ನು ಹಚ್ಚಿಕೊಳ್ಳುತ್ತಾರೆ. ಸತ್ತರೆ ಮಾತ್ರ ಮತ್ತೆ ಬರುವುದಿಲ್ಲ. ಗಂಗಮ್ಮ ಮತ್ತೆ ಮತ್ತೆ ರೂಪಳ ಗಾಯ ಕಟ್ಟಿ, ಕೊನೆಗೆ ಅವರಿಬ್ಬರೂ ಆಪ್ತ ಗೆಳತಿಯರ ಜೋಡಿ ಎಂದು ಆಟವೇ ತೋರಿಸಿದಾಗ ನೀನು ಕುಣಿದಾಡಿದೆ.

"ನೋಡೇ, ಮನೇಲಿ ನನ್ ಕೈಲಿ ಆಗ್ದಿದ್ದು ಇಲ್ಲಾಯ್ತು ಕಣೇ!"

ನಾನೂ ನಕ್ಕೆ. ಅತ್ತೆ ನನ್ನ ಸಾರಿಗೆ ಮೂಗು ಮುರಿಯುವುದು, ನಾನು ಮುಖ ಊದಿಸಿಕೊಳ್ಳುವುದು, ನಡುವೆ ನೀನು...

ನೀನು ಅಮ್ಮನನ್ನು ನೋಡಲು ಕುಣಿಗಲ್ಲಿಗೆ ಹೋಗಿದ್ದ ಭಾನುವಾರ ನಾನೊಬ್ಬಳೇ ಆಡಿದೆ. ರೂಪ ಗುಂಡೇಟು ತಿಂದು ಬಿದ್ದಳು. ದಳವನ್ನು ಪಾರು ಮಾಡುವ ಗಾಡಿಯ ಹತ್ತಿರ ಕ್ಷೇಮವಾಗಿದ್ದ ಗಂಗಮ್ಮನನ್ನು ವಾಪಸ್ ಓಡಿಸಿ ಅವಳನ್ನು ಎಬ್ಬಿಸಿದೆ. ಇಬ್ಬರೂ ಗಾಡಿ ಮುಟ್ಟಿದಾಗ, ನಾವು ಬಿಡಿಸಿ ತಂದ ಕೈದಿಯೂ ಹತ್ತಿದ್ದರಿಂದ, ಉಳಿದಿದ್ದ ಜಾಗ ಒಂದೇ. ಔಷಧಿಯವಳಿಲ್ಲದ ದಳ ಬಾಳುವುದಿಲ್ಲ, ಗಂಗಮ್ಮನೇ ಹತ್ತಬೇಕಿತ್ತು. ನನಗದು ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಿಗ್ಗೆ ನೀನು ಫೋನ್ ಮಾಡಿದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತ್ತು — "ಅವ್ಳಿಗೇನ್ ಗೊತ್ತಾಯ್ತದೆ, ಬುಡು."

ರೂಪಳನ್ನು ಹತ್ತಿಸಿದೆ. ಕೈ ತಪ್ಪಿದ್ದಲ್ಲ. ಎಲ್ಲದಕ್ಕೂ ಪಕ್ಕಕ್ಕೆ ಸರಿದು ನಿಂತವಳು ಒಂದು ಸಲ ನನ್ನನ್ನು ನಾನೇ ಉಳಿಸಿಕೊಂಡೆ. ನನಗಾಗಿ ಓಡಿ ಬಂದವಳನ್ನೇ ಬಿಟ್ಟೆ ಎಂಬುದು ಚುಚ್ಚುತ್ತದೆ, ನಿಜ — ಆದರೂ ಅದಕ್ಕೆ ಈಗಲೂ ತಲೆ ತಗ್ಗಿಸುವುದಿಲ್ಲ.

ತಲೆ ತಗ್ಗುವುದು ಆಮೇಲಿನದಕ್ಕೆ. ನಿನಗೆ ಮುಖ ತೋರಿಸುವ ಧೈರ್ಯವಿಲ್ಲದೆ ಇಡೀ ಆಟವನ್ನೇ ಅಳಿಸಿದೆ. ನನ್ನಪ್ಪ, ನೀನು, ಅಷ್ಟು ಹಟದಿಂದ ಉಳಿಸಿಕೊಂಡ ರೂಪ — ಎಲ್ಲರೂ ಹೋದರು. ಸಂಜೆ ನನ್ನ ಬ್ಯಾಟರಿಯ ಸುಳ್ಳು ನಂಬಿ, ನೀನು ಮರೆತು ಒಯ್ದಿದ್ದ ಚಾರ್ಜರನ್ನು ಬ್ಯಾಗಿನಿಂದ ತೆಗೆದು, "ತಪ್ಪು ನಂದೇ ಕಣೇ, ಅಮ್ಮನ್ನ ನಾನೇ ಕಳ್ದೆ" ಎಂದೆ. ಆ ತಪ್ಪನ್ನು ನಿನ್ನ ಮೇಲೇ ಬಿಟ್ಟು ನಾನು ಊಟಕ್ಕೆ ತಟ್ಟೆ ಹಾಕಿದೆ. ಆಮೇಲೆ ನೀನು ಆಟದ ಹೆಸರೆತ್ತಲಿಲ್ಲ. ಊಟವಾದ ಮೇಲೆ ನಿನಗೊಂದು ಫೋನು, ನನಗೊಂದು ಫೋನು — ಹೀಗೇ ವರ್ಷಗಳು ಕಳೆದವು.

ಇವತ್ತು ನೀನು ಬಂದ ಕೂಡಲೇ ಇದನ್ನೆಲ್ಲ ಎದುರು ನಿಂತೇ ಹೇಳುತ್ತೇನೆ. ಹೋದವರನ್ನು ವಾಪಸ್ ಕೇಳುವುದಿಲ್ಲ. ಹೊಸ ದಳ ಕಟ್ಟಲು ನಿನಗೆ ಮನಸ್ಸಾದರೆ ನಿನ್ನಮ್ಮನ ಹೆಸರೂ ಇರಲಿ, ನನ್ನದೂ ಇರಲಿ. ಗಾಡಿಯಲ್ಲಿ ಮತ್ತೆ ಒಂದೇ ಜಾಗ ಉಳಿದ ದಿನ ನೀನು ನಿನ್ನಮ್ಮನನ್ನೇ ಹತ್ತಿಸು. ನಾನು ಜಗಳ ತೆಗೆಯುವವಳೇ — ಆದರೆ ಈ ಸಲ ನಿನ್ನ ಪಕ್ಕದಲ್ಲೇ ಕೂತು, ಬಾಯಿಬಿಟ್ಟು.