ಒತ್ತಡ ನಿವಾರಣೆಯ ಭಾಷಣ, ಒಡೆದ ದವಡೆಹಲ್ಲು

ನಾನು ಹುಣಸೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ ಹೊಸ ಹೆಡ್‌ಮಾಸ್ಟರು ಬಂದರು. ಪಾಠ ಮಾಡುವುದನ್ನು ಅವರು ಎಂದೋ ಬಿಟ್ಟಿದ್ದರು. ಪಾಠ ಮಾಡುವವರಿಂದ ವರದಿ ಬರೆಸಿಕೊಳ್ಳುವುದರಲ್ಲಿ ಮಾತ್ರ ಅವರಷ್ಟು ಚುರುಕಿನವರನ್ನು ನಾನು ಕಂಡಿಲ್ಲ. ಹತ್ತನೇ ತರಗತಿಯ ಯಾವ ಮಗು ಏಕೆ ಹಿಂದುಳಿದಿದೆ ಎಂದು ದಿನಾ ಸಂಜೆ ವಾಟ್ಸಾಪ್ ಗುಂಪಿಗೆ ಬರೆಯಬೇಕು. ಹೊಗೆಸೊಪ್ಪಿನ ಕೆಲಸದ ದಿನಗಳಲ್ಲಿ ಮಕ್ಕಳು ಶಾಲೆಗೇ ಬರುವುದಿಲ್ಲ ಎಂದು ಬರೆದರೆ, ಕಾರಣ ಬೇಡ, ಫಲಿತಾಂಶ ಬೇಕು ಎಂದು ಉತ್ತರ ಬರುತ್ತಿತ್ತು. ಕಾರಣ ಕೇಳಿದವರೂ ಅವರೇ.

ನಾನು ಎದುರಾಡಲಿಲ್ಲ, ಹಲ್ಲು ಕಚ್ಚಿಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಕಚ್ಚಿಕೊಳ್ಳುತ್ತಿದ್ದೆ. ಬೆಳಿಗ್ಗೆ ಏಳುವಾಗ ಕೆನ್ನೆ ನೋಯುತ್ತಿತ್ತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಬ್ರಷ್ ಬದಲಾಯಿಸಿದೆ, ಪೇಸ್ಟ್ ಬದಲಾಯಿಸಿದೆ, ಲವಂಗ ಇಟ್ಟುಕೊಂಡೆ.

ನಾನು ಊಟವನ್ನು ಅಗಿಯದೆ ನುಂಗುವುದನ್ನು ಮೊದಲು ಗಮನಿಸಿದವಳು ಬಿಸಿಯೂಟದ ಅಡುಗೆಯಾಕೆ.

"ಎಡ್ಮಾಷ್ಟ್ರು ಒಳಕ್ ಬಂದೇಟ್ಗೆ ನಿಮ್ ಕೆನ್ನೆ ಗಟ್ಟಿ ಆಯ್ತದೆ ಕಣ್ರೀ ಮೇಡಂ. ಅಲ್ಲು ಕಚ್ಚೋದ್ ಬುಟ್ಟು ಬಾಯಿ ಬುಡಿ," ಅಂದಳು.

ನಕ್ಕುಬಿಟ್ಟೆ. ಎರಡು ಡಿಗ್ರಿ ಮಾಡಿದ ನನಗೆ ಅವಳು ಬುದ್ಧಿ ಹೇಳುವುದೇ ಎಂಬ ಕೊಬ್ಬು ನನ್ನಲ್ಲೂ ಇತ್ತು.

ಒಂದು ಶನಿವಾರ ಹೆಡ್‌ಮಾಸ್ಟರು ಮಧ್ಯಾಹ್ನ ನಮ್ಮನ್ನೆಲ್ಲ ಮನೆಗೆ ಬಿಡದೆ ಕೂರಿಸಿ, ಒತ್ತಡವಿಲ್ಲದೆ ಬದುಕುವುದು ಹೇಗೆಂದು ಎರಡು ಗಂಟೆ ಭಾಷಣ ಮಾಡಿದರು. ಭುಜ ಸಡಿಲ ಬಿಡಿ, ನಗುತ್ತಾ ಇರಿ ಎಂದರು. ಅದೇ ಉಸಿರಿನಲ್ಲಿ ಭಾನುವಾರವೂ ವಿಶೇಷ ತರಗತಿ ಎಂದು ಘೋಷಿಸಿದರು. ನನ್ನ ದವಡೆಯಲ್ಲಿ ಟಕ್ ಎಂದಿತು. ನಾಲಿಗೆಗೆ ಅಕ್ಕಿಕಾಳಿನಷ್ಟು ಹಲ್ಲಿನ ಚೂರು ಸಿಕ್ಕಿತು. ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ಕಂಡು ಅವರು, ನೋಡಿ, ಮೇಡಂ ಆಗಲೇ ನಗುತ್ತಿದ್ದಾರೆ ಎಂದು ಮೆಚ್ಚಿಕೊಂಡರು.

ಸೋಮವಾರ ಹುಣಸೂರಿನ ದಂತವೈದ್ಯೆಯ ಬಳಿ ಹೋದೆ. ಅವರು ಕನ್ನಡಿ ಹಿಡಿದು ನನ್ನ ಹಲ್ಲುಗಳನ್ನು ನನಗೇ ತೋರಿಸಿದರು. ತುದಿಗಳೆಲ್ಲ ಸವೆದು ಚಪ್ಪಟೆಯಾಗಿದ್ದವು.

"ಯಾರ ಮೇಲಿನ ಸಿಟ್ಟು ಮೇಡಂ ಇದು?" ಎಂದು ಕೇಳಿದರು.

ವಸಡಿನ ಕಾಯಿಲೆ ಬರಿಯ ಚಿಂತೆಯಿಂದ ಬರುವುದಿಲ್ಲ, ಹಲ್ಲಿನ ಬುಡದ ಕೊಳೆಯೂ ಬೇಕು ಎಂದರು. ಆದರೆ ಚಿಂತೆ ಹೆಚ್ಚಿದಾಗ ಅದನ್ನು ತಡೆಯುವ ದೇಹದ ಶಕ್ತಿ ಕುಗ್ಗುತ್ತದೆ, ಬಾಯಿ ತೊಳೆಯುವ ಆಸಕ್ತಿಯೂ ಹೋಗುತ್ತದಂತೆ. ನಿಜ. ವರದಿ ಕಳಿಸಿದ ಮೇಲೆ ರಾತ್ರಿ ಹಲ್ಲುಜ್ಜುವುದನ್ನು ನಾನು ಬಿಟ್ಟೇಬಿಟ್ಟಿದ್ದೆ.

ಮುಂದಿನ ಸಭೆಯಲ್ಲಿ ಹೆಡ್‌ಮಾಸ್ಟರು ಮೂರು ದಿನದ ವರದಿ ಎಲ್ಲಿ ಎಂದರು. ನಾನು ಎದ್ದು ನಿಂತೆ.

"ಇನ್ಮೇಲೆ ವಾರಕ್ಕೆ ಒಂದೇ ಸಲ ಕೊಡ್ತೀನಿ ಸರ್. ಭಾನುವಾರ ಬರಲ್ಲ. ಮಕ್ಕಳು ಯಾಕೆ ಬರ್ತಿಲ್ಲ ಅಂತ ತಿಳೀಬೇಕಾದ್ರೆ ನನ್ನ ಜೊತೆ ಹಳ್ಳಿಗೆ ಬನ್ನಿ."

ಅವರು ಫೈಲು ತಿರುವಿ ಹಾಕಿದರು. ಹಳ್ಳಿಗೆ ಬರಲಿಲ್ಲ, ನನ್ನ ವಿರುದ್ಧ ಏನೂ ಮಾಡಲೂ ಇಲ್ಲ. ಅಷ್ಟೇ ಅವರ ಪೌರುಷ. ಸಭೆಯಲ್ಲಿ ತಲೆತಗ್ಗಿಸಿ ಕೂತಿದ್ದ ಸಹೋದ್ಯೋಗಿಗಳು ಆಮೇಲೆ ವರಾಂಡದಲ್ಲಿ ಒಬ್ಬೊಬ್ಬರಾಗಿ ಬಂದು, ಚೆನ್ನಾಗಿ ಹೇಳಿದಿರಿ ಎಂದು ಪಿಸುಗುಟ್ಟಿದರು.

ಹಲ್ಲಿಗೆ ಕ್ಯಾಪ್ ಹಾಕಿಸಿದೆ. ವಸಡು ಗಟ್ಟಿಯಾಗಲು ತಿಂಗಳುಗಳೇ ಹಿಡಿದವು. ಹೆಡ್‌ಮಾಸ್ಟರು ಪಿರಿಯಾಪಟ್ಟಣದ ಕಡೆಗೆ ವರ್ಗವಾಗಿ ಹೋದರು. ಅವರನ್ನು ನೆನೆದರೆ ತಿರಸ್ಕಾರ ಈಗಲೂ ಉಕ್ಕುತ್ತದೆ. ಅಂಥವರೆದುರು ಎರಡು ವರ್ಷ ತೆಪ್ಪಗೆ ಕೂತಿದ್ದ ನನ್ನ ಮೇಲೆ ಇನ್ನೂ ಹೆಚ್ಚು.